ಮದ್ಯದ ಲೈಸೆನ್ಸ್ ರಿವ್ಯೂಗೆ ಬಂದರೆ ಯಾರ ಹತ್ತಿರ ಹೋಗಬೇಕು? ಇಂಗ್ಲೆಂಡ್, ವೇಲ್ಸ್‌ನಲ್ಲಿ ವ್ಯಾಪಾರ ಮಾಡುವವರಿಗೆ ಒಂದು ಹೋಲಿಕೆ

ಇಂಗ್ಲೆಂಡಿನಲ್ಲೋ ವೇಲ್ಸಿನಲ್ಲೋ ರೆಸ್ಟೋರೆಂಟ್, ಪಬ್ ಅಥವಾ ಮೂಲೆ ಅಂಗಡಿ ನಡೆಸುವವರಿಗೆ ಒಂದು ದಿನ ಕೌನ್ಸಿಲ್‌ನಿಂದ ಪತ್ರ ಬರುತ್ತದೆ. ನಿಮ್ಮ ಪ್ರೆಮಿಸಸ್ ಲೈಸೆನ್ಸನ್ನು, ಅಂದರೆ ಆ ಜಾಗದಲ್ಲಿ ಮದ್ಯ ಮಾರಲು ಇರುವ ಲೈಸೆನ್ಸನ್ನು, ರಿವ್ಯೂ (ಮರುಪರಿಶೀಲನೆ) ಮಾಡಬೇಕು ಅಂತ ಅರ್ಜಿ ಬಂದಿದೆ ಅನ್ನುವ ಪತ್ರ. ಅಂಗಡಿಯ ಹತ್ತಿರ ನೋಟಿಸ್ ಕೂಡ ಅಂಟಿಸುತ್ತಾರೆ. ಬರುವ ಹೋಗುವ ಗಿರಾಕಿಗಳೆಲ್ಲ ಅದನ್ನು ನಿಂತು ಓದುತ್ತಾರೆ. ಆ ಗಾಬರಿಯಲ್ಲಿ ಹೆಚ್ಚಿನವರು ಮೊದಲು ಫೋನ್ ಮಾಡುವುದು ವೀಸಾ ಕಾಗದ ಮಾಡಿಕೊಟ್ಟ ಲಾಯರ್‌ಗೆ, ಇಲ್ಲವೇ ಮನೆ ಕೊಂಡಾಗ ನೋಡಿಕೊಂಡ ಸಾಲಿಸಿಟರ್‌ಗೆ. ಪರಿಚಯದವರು ಅಂದರೆ ಒಂದು ಧೈರ್ಯ, ಅದು ಸಹಜ. ಆದರೆ ಈ ಕೆಲಸಕ್ಕೆ ಅವರು ಸರಿಹೋಗುವುದು ಕಡಿಮೆ.

ಯಾರು ಸರಿ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ರಿವ್ಯೂ ಅರ್ಜಿ ಹಾಕಿದವರು ಯಾರು, ಮತ್ತು ನೀವು ಈಗ ಯಾವ ಹಂತದಲ್ಲಿದ್ದೀರಿ. ಫೀಸು ಎಷ್ಟು ಅನ್ನುವ ಪ್ರಶ್ನೆ ಅದಾದ ಮೇಲೆ ಬರುತ್ತದೆ. ಮೊದಲೇ ಫೀಸು ನೋಡಿ ಆರಿಸಿದವರು ಕೊನೆಗೆ ಎರಡು ಸಲ ದುಡ್ಡು ಕಟ್ಟುವುದನ್ನು ಜಾಸ್ತಿ ಕಾಣುತ್ತೇವೆ.

ಮೊದಲು ಪತ್ರವನ್ನೇ ಸರಿಯಾಗಿ ಓದಿ

ಇಲ್ಲಿನ ಕಾನೂನು 2003ರ ಲೈಸೆನ್ಸಿಂಗ್ ಆಕ್ಟ್. ಅದರಲ್ಲಿ ನಾಲ್ಕು ಗುರಿಗಳಿವೆ: ಅಪರಾಧ ಮತ್ತು ಗಲಾಟೆ ತಡೆಯುವುದು, ಜನರ ಸುರಕ್ಷತೆ, ಸಾರ್ವಜನಿಕರಿಗೆ ಉಪದ್ರವ ಆಗದಂತೆ ನೋಡಿಕೊಳ್ಳುವುದು, ಮಕ್ಕಳಿಗೆ ಹಾನಿಯಾಗದಂತೆ ಕಾಯುವುದು. ರಿವ್ಯೂ ಯಾವತ್ತೂ ಈ ನಾಲ್ಕರಲ್ಲಿ ಒಂದಕ್ಕಾದರೂ ಸಂಬಂಧಪಟ್ಟಿರಲೇಬೇಕು. ಪಕ್ಕದ ಮನೆಯವರಿಗೆ ನಿಮ್ಮ ಮೇಲೆ ಸಿಟ್ಟಿದೆ, ಪಕ್ಕದ ಅಂಗಡಿಯವರಿಗೆ ವ್ಯಾಪಾರ ಕಡಿಮೆಯಾಗಿದೆ ಅನ್ನುವುದು ಸಾಲದು.

ಸಾಮಾನ್ಯ ರಿವ್ಯೂ ಸೆಕ್ಷನ್ 51ರ ಕೆಳಗೆ ಬರುತ್ತದೆ. ಪೊಲೀಸರು, ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ (ವ್ಯಾಪಾರದ ನಿಯಮ ನೋಡುವ ವಿಭಾಗ), ಎನ್ವಿರಾನ್‌ಮೆಂಟಲ್ ಹೆಲ್ತ್ (ನೈರ್ಮಲ್ಯ, ಗದ್ದಲ ನೋಡುವ ವಿಭಾಗ), ಫೈರ್ ಸರ್ವಿಸ್, 2017ರಿಂದ ಹೋಂ ಆಫೀಸಿನ ಇಮಿಗ್ರೇಷನ್ ವಿಭಾಗ, ಇವರಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಸುತ್ತಮುತ್ತ ಇರುವವರೂ ಹಾಕಬಹುದು. ಅರ್ಜಿ ಕೊಟ್ಟ ಮರುದಿನದಿಂದ 28 ದಿನ ಅಭಿಪ್ರಾಯ ಹೇಳಲು ಅವಕಾಶ. ಅದು ಮುಗಿದ ಮೇಲೆ 20 ಕೆಲಸದ ದಿನಗಳೊಳಗೆ ಕೌನ್ಸಿಲರ್‌ಗಳ ಸಬ್‌ಕಮಿಟಿ ಮುಂದೆ ಹಿಯರಿಂಗ್ ಆಗಬೇಕು. ಅಂದರೆ ನಿಮ್ಮ ಕೈಯಲ್ಲಿ ಹೆಚ್ಚು ಕಡಿಮೆ ಒಂದೂವರೆ, ಎರಡು ತಿಂಗಳು ಇದೆ.

ಇನ್ನೊಂದು ಬಗೆ ಇದೆ, ಸೆಕ್ಷನ್ 53ಎ ಪ್ರಕಾರ ಬರುವ ಸಮರಿ ರಿವ್ಯೂ, ಅಂದರೆ ತುರ್ತು ರಿವ್ಯೂ. ಗಂಭೀರ ಅಪರಾಧ ಅಥವಾ ಗಂಭೀರ ಗಲಾಟೆ ನಡೆದಿದೆ ಅಂತ ಸೂಪರಿಂಟೆಂಡೆಂಟ್ ಅಥವಾ ಅವರಿಗಿಂತ ಮೇಲಿನ ಅಧಿಕಾರಿ ಸರ್ಟಿಫಿಕೇಟ್ ಕೊಟ್ಟರೆ ಪೊಲೀಸರು ಇದನ್ನು ಹಾಕುತ್ತಾರೆ. ಆಗ ಕೌನ್ಸಿಲ್ 48 ಗಂಟೆಯೊಳಗೆ ತಾತ್ಕಾಲಿಕ ಕ್ರಮ ಬೇಕೇ ಅಂತ ತೀರ್ಮಾನಿಸಬೇಕು. ಕೆಲಸವಿಲ್ಲದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮ ಮಾತು ಕೇಳದೆಯೇ ಲೈಸೆನ್ಸನ್ನು ಅಮಾನತಿನಲ್ಲಿ ಇಡಬಹುದು. ಪೂರ್ತಿ ಹಿಯರಿಂಗ್ 28 ದಿನಗಳೊಳಗೆ ಆಗುತ್ತದೆ. ಇಂಥ ಪತ್ರ ಬಂದಿದ್ದರೆ ಹೋಲಿಕೆ ಮಾಡುತ್ತಾ ಕೂರಬೇಡಿ. ಲೈಸೆನ್ಸಿಂಗ್ ಕೆಲಸವನ್ನೇ ಮಾಡುವ ಸಾಲಿಸಿಟರ್‌ಗೆ ಅವತ್ತೇ ಫೋನ್ ಮಾಡಿ. ತಾತ್ಕಾಲಿಕ ಕ್ರಮವನ್ನು ವಿರೋಧಿಸಿ ನೀವು ಬರೆದು ಕೊಟ್ಟರೆ ಅದರ ಮೇಲೂ 48 ಗಂಟೆಯೊಳಗೆ ಹಿಯರಿಂಗ್ ಇಡಬೇಕು. ಅಷ್ಟು ಬೇಗ ಸರಿಯಾದ ಕಾಗದ ಮಾಡಲು ಈ ಕೆಲಸ ಪಳಗಿದವರೇ ಬೇಕು.

ಸಬ್‌ಕಮಿಟಿ ಏನು ಮಾಡಬಹುದು ಅನ್ನುವುದೂ ಗೊತ್ತಿರಲಿ. ಕಂಡೀಷನ್‌ಗಳನ್ನು ಬದಲಾಯಿಸಬಹುದು, ಹೊಸದು ಸೇರಿಸಬಹುದು. ಯಾವುದಾದರೂ ಒಂದು ಚಟುವಟಿಕೆಯನ್ನು ತೆಗೆಯಬಹುದು. ಡಿಪಿಎಸ್ ಅಂತ ಹೆಸರು ಬರೆಸಿರುವವರನ್ನು, ಅಂದರೆ ಅಲ್ಲಿನ ಮದ್ಯ ಮಾರಾಟಕ್ಕೆ ಹೊಣೆ ಹೊತ್ತವರನ್ನು, ತೆಗೆದುಹಾಕಬಹುದು. ಮೂರು ತಿಂಗಳವರೆಗೆ ಲೈಸೆನ್ಸ್ ಅಮಾನತು ಮಾಡಬಹುದು. ಪೂರ್ತಿ ರದ್ದು ಮಾಡಬಹುದು. ಏನೂ ಮಾಡದೆ ಬಿಡಲೂಬಹುದು. ನಿಮಗೆ ಸಹಾಯ ಮಾಡುವವರ ನಿಜವಾದ ಕೆಲಸ ಈ ಸಾಲಿನಲ್ಲಿ ನಿಮ್ಮನ್ನು ಆದಷ್ಟು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸುವುದು. ಎಲ್ಲ ಕೇಸನ್ನೂ ‘ಗೆಲ್ಲಲು’ ಆಗುವುದಿಲ್ಲ. ಗೆಲ್ಲಿಸಿಯೇ ಕೊಡುತ್ತೇನೆ ಅನ್ನುವವರನ್ನು ಮೊದಲ ಫೋನಿನಲ್ಲೇ ಬಿಟ್ಟುಬಿಡಿ.

ಸಿಗುವ ಸಹಾಯ ಯಾವ ಯಾವ ಬಗೆಯದು

ಲೈಸೆನ್ಸಿಂಗ್ ಸಾಲಿಸಿಟರ್. ಇವರು ದಿನವೂ ಇದೇ ಕೆಲಸ ಮಾಡುವವರು. ಪೊಲೀಸ್ ಲೈಸೆನ್ಸಿಂಗ್ ಅಧಿಕಾರಿಗಳ ಜೊತೆ ಫೋನಿನಲ್ಲಿ ಮಾತಾಡಿ ಅಭ್ಯಾಸ ಇರುತ್ತದೆ. ಯಾವ ಕಂಡೀಷನ್ ಒಪ್ಪಿಕೊಂಡರೆ ವ್ಯಾಪಾರ ನಡೆಯುತ್ತದೆ, ಯಾವುದು ಒಪ್ಪಿದರೆ ಆರು ತಿಂಗಳಲ್ಲಿ ನೀವೇ ಅದನ್ನು ಮುರಿದು ಮತ್ತೆ ರಿವ್ಯೂಗೆ ಬರುತ್ತೀರಿ ಅನ್ನುವುದು ಅವರಿಗೆ ಗೊತ್ತು. ಶುಕ್ರವಾರ, ಶನಿವಾರ ರಾತ್ರಿ ಇಬ್ಬರು ಡೋರ್ ಸ್ಟಾಫ್ ಇರಬೇಕು ಅನ್ನುವ ಕಂಡೀಷನ್ ಕಾಗದದ ಮೇಲೆ ಚಿಕ್ಕದು. ಇಪ್ಪತ್ತು ಟೇಬಲ್‌ನ ರೆಸ್ಟೋರೆಂಟಿಗೆ ಅದು ವರ್ಷದ ಲಾಭವನ್ನೇ ತಿನ್ನಬಹುದು. ಇಂಥದನ್ನು ಹಿಯರಿಂಗ್‌ಗೆ ಮೊದಲೇ ಚೌಕಾಸಿ ಮಾಡಿ ತಿದ್ದಿಸುವವರು ಇವರು. ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಕಣ್ಣು ಇವರ ಮೇಲಿರುತ್ತದೆ. ವೃತ್ತಿಯ ವಿಮೆ ಇರಲೇಬೇಕು. ಕೆಲಸ ಕೆಡಿಸಿದರೆ ತೀರಾ ಸಣ್ಣ ವ್ಯಾಪಾರದವರು ಲೀಗಲ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಫೀಸು ಮಾತ್ರ ಜಾಸ್ತಿ, ಅದರ ಮೇಲೆ 20% ವ್ಯಾಟ್.

ಲೈಸೆನ್ಸಿಂಗ್ ಕನ್ಸಲ್ಟೆಂಟ್. ಇವರು ವಕೀಲರಲ್ಲ. ಎಷ್ಟೋ ಜನ ಮೊದಲು ಪೊಲೀಸ್ ಲೈಸೆನ್ಸಿಂಗ್ ಅಧಿಕಾರಿಯೋ ಕೌನ್ಸಿಲ್ ಲೈಸೆನ್ಸಿಂಗ್ ಅಧಿಕಾರಿಯೋ ಆಗಿದ್ದು, ನಿವೃತ್ತಿಯಾದ ಮೇಲೆ ಈ ಕೆಲಸಕ್ಕೆ ಬಂದವರು. ಒಳ್ಳೆಯ ಕನ್ಸಲ್ಟೆಂಟ್ ನಿಮ್ಮ ಅಂಗಡಿಗೇ ಬಂದು ನಿಲ್ಲುತ್ತಾರೆ. ಸಿಸಿಟಿವಿ ಯಾವ ಮೂಲೆಯನ್ನು ನೋಡುತ್ತಿಲ್ಲ, ಗಲ್ಲಾಪೆಟ್ಟಿಗೆಯಲ್ಲಿ ಕೂತವರಿಗೆ ಟ್ರೈನಿಂಗ್ ಆಗಿದೆಯೇ, ಹೊರಗೆ ಸಿಗರೇಟು ಸೇದುವವರ ಗಲಾಟೆ ಎಲ್ಲಿಂದ ಕೇಳಿಸುತ್ತದೆ, ಎಲ್ಲ ನೋಡುತ್ತಾರೆ. ಸಾಲಿಸಿಟರ್ ಮೇಜಿನ ಹಿಂದೆ ಕೂತು ಬರೆಯುವುದನ್ನು ಇವರು ನೆಲದ ಮೇಲೆ ಮಾಡಿ ತೋರಿಸುತ್ತಾರೆ. ಸಬ್‌ಕಮಿಟಿ ಮುಂದೆ ನಿಮ್ಮ ಪರವಾಗಿ ಮಾತಾಡಲೂ ಅವರಿಗೆ ಅಡ್ಡಿಯಿಲ್ಲ. 2005ರ ಹಿಯರಿಂಗ್ ನಿಯಮಗಳ ಪ್ರಕಾರ ವಕೀಲರಾಗಿರಲಿ, ಇಲ್ಲದಿರಲಿ, ಯಾರನ್ನು ಬೇಕಾದರೂ ಕರೆದುಕೊಂಡು ಹೋಗಬಹುದು.

ಆದರೆ ಒಂದು ಗೋಡೆ ಇದೆ. ಸಬ್‌ಕಮಿಟಿಯ ತೀರ್ಮಾನ ನಿಮ್ಮ ವಿರುದ್ಧ ಬಂದರೆ ಮುಂದಿನ ದಾರಿ ಮ್ಯಾಜಿಸ್ಟ್ರೇಟ್ಸ್ ಕೋರ್ಟ್. ಅಲ್ಲಿ ನಿಮ್ಮ ಪರ ವಾದಿಸುವ ಹಕ್ಕು, ಕೇಸು ನಡೆಸುವ ಹಕ್ಕು 2007ರ ಲೀಗಲ್ ಸರ್ವಿಸಸ್ ಆಕ್ಟ್ ಪ್ರಕಾರ ಅನುಮತಿ ಇರುವ ವಕೀಲರಿಗೆ ಮಾತ್ರ. ಕನ್ಸಲ್ಟೆಂಟ್ ಅಲ್ಲಿಗೆ ನಿಲ್ಲುತ್ತಾರೆ. ಅಲ್ಲದೆ ‘ಲೈಸೆನ್ಸಿಂಗ್ ಕನ್ಸಲ್ಟೆಂಟ್’ ಅಂತ ಬೋರ್ಡು ಹಾಕಿಕೊಳ್ಳಲು ಯಾವ ಪರೀಕ್ಷೆಯೂ ಬೇಕಿಲ್ಲ. ಇನ್‌ಸ್ಟಿಟ್ಯೂಟ್ ಆಫ್ ಲೈಸೆನ್ಸಿಂಗ್‌ನ ಸದಸ್ಯರೇ, ವಿಮೆ ಇದೆಯೇ, ಈ ಹಿಂದೆ ರಿವ್ಯೂ ಹಿಯರಿಂಗ್ ನಡೆಸಿದ್ದಾರೆಯೇ ಅಂತ ಬಾಯಿಬಿಟ್ಟು ಕೇಳಬೇಕು. ಬರೀ ಹೊಸ ಲೈಸೆನ್ಸ್ ಅರ್ಜಿ ತುಂಬಿಕೊಡುವವರು ಬೇರೆ, ರಿವ್ಯೂ ನಡೆಸುವವರು ಬೇರೆ.

ಬ್ಯಾರಿಸ್ಟರ್. ಪಬ್ಲಿಕ್ ಆಕ್ಸೆಸ್ ಅನ್ನುವ ವ್ಯವಸ್ಥೆಯಲ್ಲಿ ಸಾಲಿಸಿಟರ್ ಇಲ್ಲದೆಯೇ ಬ್ಯಾರಿಸ್ಟರ್‌ರನ್ನು ನೇರವಾಗಿ ಗೊತ್ತುಮಾಡಬಹುದು. ಹಿಯರಿಂಗ್ ದಿನ ಮಾತಾಡಲು ಇವರನ್ನು ಮೀರಿಸುವವರು ಕಡಿಮೆ. ಆದರೆ ಸಾಕ್ಷಿ ಹೇಳಿಕೆ ಒಟ್ಟುಮಾಡುವುದು, ಪೊಲೀಸರ ಜೊತೆ ದಿನಾ ಇಮೇಲ್ ಆಡುವುದು, ಕೋರ್ಟಿಗೆ ಅಪೀಲು ಸಲ್ಲಿಸುವುದು, ಇವನ್ನೆಲ್ಲ ಸಾಮಾನ್ಯವಾಗಿ ನೀವೇ ಮಾಡಬೇಕಾಗುತ್ತದೆ. ಕೇಸು ನಡೆಸಲು ಪ್ರತ್ಯೇಕ ಅನುಮತಿ ಇರುವ ಬ್ಯಾರಿಸ್ಟರ್‌ಗಳು ಇದ್ದಾರೆ, ಎಲ್ಲರಿಗೂ ಅದು ಇರುವುದಿಲ್ಲ. ಇಂಗ್ಲಿಷಿನಲ್ಲಿ ಪತ್ರ ವ್ಯವಹಾರ ಚೆನ್ನಾಗಿ ಮಾಡಬಲ್ಲ, ಕಾಗದ ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಮಾಲೀಕರಿಗೆ ಇದು ಒಳ್ಳೆಯ ದಾರಿ, ಖರ್ಚೂ ಉಳಿಯಬಹುದು. ಅಡುಗೆಮನೆ, ಗಲ್ಲಾ ಎರಡನ್ನೂ ಒಬ್ಬರೇ ನೋಡಿಕೊಳ್ಳುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಊರಿನ ಸಾಮಾನ್ಯ ಸಾಲಿಸಿಟರ್. ಮನೆ, ವೀಸಾ, ವಿಚ್ಛೇದನ ಎಲ್ಲವನ್ನೂ ನೋಡುವವರು. ಒಂದೇ ಒಂದು ಕಡೆ ಇವರು ಉಪಯೋಗಕ್ಕೆ ಬರುತ್ತಾರೆ: ನಿಮ್ಮ ಲೀಸ್, ಕಂಪನಿಯ ಕಾಗದ ಅವರ ಹತ್ತಿರವೇ ಇದ್ದರೆ ಅದನ್ನು ಲೈಸೆನ್ಸಿಂಗ್ ವಕೀಲರಿಗೆ ಬೇಗ ತಲುಪಿಸಬಹುದು. ರಿವ್ಯೂ ಅವರ ಕೈಗೇ ಕೊಡಬೇಡಿ.

ವ್ಯಾಪಾರಿ ಸಂಘ ಮತ್ತು ವಿಮೆ. ಫೆಡರೇಷನ್ ಆಫ್ ಸ್ಮಾಲ್ ಬಿಸಿನೆಸಸ್‌ನ ಸದಸ್ಯರಿಗೆ ಫೋನಿನಲ್ಲಿ ಕಾನೂನು ಸಲಹೆ ಸಿಗುತ್ತದೆ. ಪಬ್ ನಡೆಸುವವರಿಗೆ ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಆಫ್ ಇನ್‌ಕೀಪಿಂಗ್, ಅಂಗಡಿಯವರಿಗೆ ಅಸೋಸಿಯೇಷನ್ ಆಫ್ ಕನ್ವೀನಿಯನ್ಸ್ ಸ್ಟೋರ್ಸ್, ಹೋಟೆಲ್ ಮತ್ತು ರೆಸ್ಟೋರೆಂಟ್‌ನವರಿಗೆ ಯುಕೆ ಹಾಸ್ಪಿಟಾಲಿಟಿ ಇವೆ. ಮೊದಲ ದಿನದ ದಿಕ್ಕು ತೋರಿಸಲು ಇವು ಸಾಕು. ವ್ಯಾಪಾರದ ವಿಮೆ ಪಾಲಿಸಿಯಲ್ಲಿ ಕಾನೂನು ಖರ್ಚಿನ ಭಾಗ ಇದೆಯೇ ಅಂತ ವಕೀಲರನ್ನು ಗೊತ್ತುಮಾಡುವ ಮೊದಲೇ ನೋಡಿ. ವಿಮೆಯವರಿಗೆ ತಿಳಿಸದೆ ವಕೀಲರನ್ನು ಹಿಡಿದರೆ ಆ ಖರ್ಚು ಕೊಡುವುದಿಲ್ಲ ಅನ್ನಬಹುದು. ಸರ್ಕಾರದ ಉಚಿತ ಕಾನೂನು ನೆರವನ್ನು ಮಾತ್ರ ನೆಚ್ಚಿಕೊಳ್ಳಬೇಡಿ.

ಯಾರು ಅರ್ಜಿ ಹಾಕಿದ್ದಾರೋ ಅದರ ಮೇಲೆ ಆಯ್ಕೆ

ಅಕ್ಕಪಕ್ಕದವರು ಗದ್ದಲದ ಬಗ್ಗೆ ಹಾಕಿದ ರಿವ್ಯೂ ಆಗಿದ್ದರೆ ನನ್ನ ಆಯ್ಕೆ ಕನ್ಸಲ್ಟೆಂಟ್. ಇಲ್ಲಿ ಕಾನೂನಿಗಿಂತ ಕೆಲಸ ಜಾಸ್ತಿ. ಸ್ಪೀಕರ್ ಜಾಗ ಬದಲಾಯಿಸಬೇಕು, ಹಿಂದಿನ ಬಾಗಿಲು ರಾತ್ರಿ ಮುಚ್ಚಿಡಬೇಕು, ಖಾಲಿ ಬಾಟಲಿಗಳನ್ನು ರಾತ್ರಿ ಹನ್ನೊಂದಕ್ಕೆ ಡಬ್ಬಿಗೆ ಸುರಿಯುವ ಅಭ್ಯಾಸ ಬಿಡಬೇಕು. ಪಕ್ಕದವರನ್ನು ಕರೆದು ಕೂರಿಸಿ ಮಾತಾಡಿದರೆ ಎಷ್ಟೋ ಸಲ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಅವರ ಮನೆಯ ಕಿಟಕಿ ಹತ್ತಿರ ನಿಂತು ನಿಮ್ಮ ಅಂಗಡಿ ಸದ್ದು ನೀವೇ ಕೇಳಿಸಿಕೊಂಡಿದ್ದೀರಿ ಅಂತ ಸಬ್‌ಕಮಿಟಿಗೆ ಗೊತ್ತಾದರೆ ಅದಕ್ಕೆ ಬೆಲೆ ಇದೆ. 2008ರ ಥ್ವೇಟ್ಸ್ ಕೇಸಿನಲ್ಲಿ ಹೈಕೋರ್ಟ್ ಹೇಳಿದ್ದೂ ಇದಕ್ಕೆ ಹತ್ತಿರದ್ದೇ. ತೊಂದರೆ ಆಗಬಹುದು ಅನ್ನುವ ಊಹೆಯ ಮೇಲೆ ಲೈಸೆನ್ಸಿಗೆ ನಿರ್ಬಂಧ ಹಾಕುವುದು ಸರಿಯಲ್ಲ, ಅದಕ್ಕೆ ಆಧಾರ ಬೇಕು. ನಿಮ್ಮ ಕಡೆಯಿಂದ ಆಧಾರ ಒಟ್ಟುಮಾಡುವವರೇ ಇಲ್ಲಿ ಬೇಕಾದವರು.

ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಹಾಕಿದ ರಿವ್ಯೂ ಸಾಮಾನ್ಯವಾಗಿ 18 ವರ್ಷದೊಳಗಿನವರಿಗೆ ಮದ್ಯ ಮಾರಿದ್ದಕ್ಕೆ, ಇಲ್ಲವೇ ತೆರಿಗೆ ಕಟ್ಟದ ಸಿಗರೇಟು, ಮದ್ಯ ಇಟ್ಟಿದ್ದಕ್ಕೆ. ಎರಡನ್ನೂ ಹೋಂ ಆಫೀಸ್ ಕೌನ್ಸಿಲ್‌ಗಳಿಗೆ ಕೊಟ್ಟ ಸೆಕ್ಷನ್ 182ರ ಗೈಡೆನ್ಸಿನಲ್ಲಿ ತುಂಬಾ ಗಂಭೀರ ಅಂತ ಪಟ್ಟಿ ಮಾಡಿದೆ. ಅಂಥದರಲ್ಲಿ ಮೊದಲ ಸಲವೇ ಲೈಸೆನ್ಸ್ ರದ್ದು ಮಾಡುವುದನ್ನು ಗಂಭೀರವಾಗಿ ಯೋಚಿಸಬೇಕು ಅಂತಲೂ ಹೇಳಿದೆ. ಇಲ್ಲಿ ಲೈಸೆನ್ಸಿಂಗ್ ಸಾಲಿಸಿಟರ್ ಬೇಕು. ಇನ್ನೊಂದು ಕಾರಣವೂ ಇದೆ: ರಿವ್ಯೂ ಜೊತೆಗೇ ಕ್ರಿಮಿನಲ್ ಕೇಸು ನಡೆಯುತ್ತಿರಬಹುದು. ಮೂರು ತಿಂಗಳೊಳಗೆ ಎರಡು ಬೇರೆ ಬೇರೆ ಸಲ ಚಿಕ್ಕವರಿಗೆ ಮಾರಾಟವಾಗಿದ್ದರೆ ಅದೇ ಒಂದು ಪ್ರತ್ಯೇಕ ಅಪರಾಧ, ದಂಡಕ್ಕೆ ಮೇಲಿನ ಮಿತಿ ಇಲ್ಲ. ‘ಅಂಡರ್ ಕಾಷನ್’ ಇಂಟರ್‌ವ್ಯೂಗೆ (ಹೇಳಿದ್ದು ಸಾಕ್ಷಿಯಾಗಬಹುದು ಅಂತ ಎಚ್ಚರಿಸಿ ಮಾಡುವ ವಿಚಾರಣೆಗೆ) ಬನ್ನಿ ಅಂತ ಕರೆದರೆ ಒಬ್ಬರೇ ಹೋಗಬೇಡಿ. ಅಲ್ಲಿ ಹೇಳಿದ ಮಾತು ಕೋರ್ಟಿಗೂ ಹೋಗುತ್ತದೆ, ಸಬ್‌ಕಮಿಟಿಯ ಫೈಲಿಗೂ ಬರುತ್ತದೆ.

ಈ ಬಗೆಯ ರಿವ್ಯೂಗಳಲ್ಲಿ ಎಲ್ಲರ ಕಣ್ಣೂ ಬೀಳುವ ಒಂದು ವಸ್ತು ಇದೆ, ರೆಫ್ಯೂಸಲ್ಸ್ ರಿಜಿಸ್ಟರ್. ಗಲ್ಲಾ ಪಕ್ಕ ಇರುವ ಸಣ್ಣ ಪುಸ್ತಕ. ಯಾರಿಗೆ ಮದ್ಯ ಕೊಡುವುದಿಲ್ಲ ಅಂದೆವು, ಯಾವ ದಿನ, ಎಷ್ಟು ಗಂಟೆಗೆ, ಏನು ಕೇಳಿದರು, ನೋಡಲು ಹೇಗಿದ್ದರು, ಯಾಕೆ ಇಲ್ಲ ಅಂದೆವು, ಯಾರು ಕೆಲಸದಲ್ಲಿದ್ದರು. ಸಬ್‌ಕಮಿಟಿ ಸದಸ್ಯರು ಇದರ ಹಾಳೆ ತಿರುವಿ ನೋಡುತ್ತಾರೆ. ಆರು ತಿಂಗಳ ಬರಹ ಒಂದೇ ಪೆನ್ನಿನಲ್ಲಿ, ಒಂದೇ ಅಕ್ಷರದಲ್ಲಿ, ಒಂದೇ ಒತ್ತಡದಲ್ಲಿ ಇದ್ದರೆ ಅದು ನಿನ್ನೆ ರಾತ್ರಿ ಕೂತು ಬರೆದದ್ದು ಅಂತ ತಿಳಿಯಲು ಅನುಭವ ಬೇಕಿಲ್ಲ. ನಿಜವಾದ ರಿಜಿಸ್ಟರ್‌ನಲ್ಲಿ ಮೂರು ನಾಲ್ಕು ಜನರ ಅಕ್ಷರ ಇರುತ್ತದೆ, ಶನಿವಾರ ಜಾಸ್ತಿ, ಮಂಗಳವಾರ ಏನೂ ಇರುವುದಿಲ್ಲ, ಒಂದು ಹಾಳೆಯ ಮೇಲೆ ಎಣ್ಣೆಯ ಕಲೆಯೂ ಇರಬಹುದು. ಒಳ್ಳೆಯ ಸಾಲಿಸಿಟರ್ ಮೊದಲ ದಿನವೇ ಇದರ ಫೋಟೋ ಕೇಳುತ್ತಾರೆ. ಇಲ್ಲದ ರಿಜಿಸ್ಟರ್ ಸೃಷ್ಟಿಸಿ ಅಂತ ಯಾರಾದರೂ ಹೇಳಿದರೆ, ಅವರು ಎಷ್ಟೇ ದೊಡ್ಡವರಾಗಲಿ, ಆ ಸಂಬಂಧ ಅಲ್ಲೇ ಕಡಿಯಿರಿ. ಇವತ್ತಿನಿಂದ ಶುರುಮಾಡಿದ ರಿಜಿಸ್ಟರ್, ಸಿಬ್ಬಂದಿಗೆಲ್ಲ ಟ್ರೈನಿಂಗ್ ಕೊಡಿಸಿ ಸಹಿ ಹಾಕಿಸಿದ ಕಾಗದ, ಚಾಲೆಂಜ್ 25 ಬೋರ್ಡು (25ಕ್ಕಿಂತ ಚಿಕ್ಕವರಂತೆ ಕಂಡರೆ ವಯಸ್ಸಿನ ದಾಖಲೆ ಕೇಳುತ್ತೇವೆ ಅನ್ನುವ ಬೋರ್ಡು), ಇವು ತಡವಾಗಿ ಬಂದರೂ ಸತ್ಯ. ಸತ್ಯಕ್ಕೆ ಹಿಯರಿಂಗ್‌ನಲ್ಲಿ ಬೆಲೆ ಸಿಗುತ್ತದೆ.

ಸಿಸಿಟಿವಿಯದೂ ಇದೇ ಕಥೆ. ಎಷ್ಟೋ ಲೈಸೆನ್ಸಿನ ಮೇಲೆ 31 ದಿನದ ರೆಕಾರ್ಡಿಂಗ್ ಇಟ್ಟಿರಬೇಕು, ಕೇಳಿದಾಗ ತೆಗೆದುಕೊಡುವ ಒಬ್ಬರು ಯಾವಾಗಲೂ ಇರಬೇಕು ಅನ್ನುವ ಕಂಡೀಷನ್ ಇರುತ್ತದೆ. ಪೊಲೀಸರು ಬಂದಾಗ ಕೆಲಸದಲ್ಲಿದ್ದ ಹುಡುಗನಿಗೆ ಪಾಸ್‌ವರ್ಡೇ ಗೊತ್ತಿಲ್ಲ ಅಂದರೆ ಕ್ಯಾಮೆರಾ ಇದ್ದೂ ಕಂಡೀಷನ್ ಮುರಿದ ಹಾಗೆ.

ಇಮಿಗ್ರೇಷನ್ ವಿಭಾಗ ಹಾಕಿದ ರಿವ್ಯೂ ನಮ್ಮ ಕಡೆಯ ರೆಸ್ಟೋರೆಂಟ್‌ಗಳಿಗೆ ತೀರಾ ಹತ್ತಿರದ ಅಪಾಯ. ಕೆಲಸ ಮಾಡುವ ಹಕ್ಕಿಲ್ಲದ ಒಬ್ಬರು ಅಡುಗೆಮನೆಯಲ್ಲಿ ಸಿಕ್ಕಿದರೂ ಸಾಕು. 2016ರ ಈಸ್ಟ್ ಲಿಂಡ್ಸೆ ಕೌನ್ಸಿಲ್ ಕೇಸನ್ನು ಇಂಥ ಪ್ರತಿ ಹಿಯರಿಂಗ್‌ನಲ್ಲೂ ಎತ್ತುತ್ತಾರೆ ಅಂತಲೇ ಇಟ್ಟುಕೊಳ್ಳಿ. ಒಂದು ರೆಸ್ಟೋರೆಂಟಿನ ಲೈಸೆನ್ಸನ್ನು ಕೌನ್ಸಿಲ್ ರದ್ದು ಮಾಡಿತು. ಕೆಳಗಿನ ಕೋರ್ಟು ಮಾಲೀಕರ ಪರ ತೀರ್ಪು ಕೊಟ್ಟಿತು. ಹೈಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಕೌನ್ಸಿಲ್‌ನ ನಿರ್ಧಾರವನ್ನೇ ಎತ್ತಿಹಿಡಿಯಿತು. ಮಾಲೀಕರ ಮೇಲೆ ಕ್ರಿಮಿನಲ್ ಕೇಸು ಆಗಿ ಶಿಕ್ಷೆಯಾಗಿರಬೇಕು ಅಂತೇನಿಲ್ಲ, ಬೇರೆಯವರು ಹಾಗೆ ಮಾಡದಂತೆ ತಡೆಯುವುದೂ ಲೈಸೆನ್ಸಿಂಗ್ ಕೆಲಸದ ಭಾಗ ಅಂತ ಅದು ಹೇಳಿತು. ‘ಗೊತ್ತಿರಲಿಲ್ಲ, ಇನ್ನು ಮುಂದೆ ಮಾಡಲ್ಲ’ ಅನ್ನುವ ಒಂದೇ ಮಾತು ಇಲ್ಲಿ ನಡೆಯುವುದಿಲ್ಲ ಅನ್ನುವುದು ಇದಕ್ಕೇ. ಜೊತೆಗೆ ಸಿವಿಲ್ ಪೆನಾಲ್ಟಿ ಬೇರೆ. 2024ರ ಫೆಬ್ರವರಿ 13ರಿಂದ ಮೊದಲ ಸಲಕ್ಕೆ ಒಬ್ಬ ಕೆಲಸಗಾರನಿಗೆ 45,000 ಪೌಂಡ್‌ವರೆಗೆ, ಮತ್ತೆ ಸಿಕ್ಕಿದರೆ 60,000 ಪೌಂಡ್‌ವರೆಗೆ.

ಇಲ್ಲಿ ಇಮಿಗ್ರೇಷನ್ ಲಾಯರ್ ಸಾಕು ಅಂದುಕೊಳ್ಳುವವರು ಬಹಳ. ಪೆನಾಲ್ಟಿಗೆ ತಕರಾರು ಹಾಕಲು ಅವರು ಸರಿ. ಸಬ್‌ಕಮಿಟಿ ಮುಂದೆ ಲೈಸೆನ್ಸ್ ಉಳಿಸಲು ಅವರು ಸಾಲದು. ಎರಡೂ ಕೆಲಸ ಗೊತ್ತಿರುವ ಒಂದೇ ಫರ್ಮ್ ಸಿಕ್ಕಿದರೆ ಒಳ್ಳೆಯದು. ಇಲ್ಲವಾದರೆ ಇಬ್ಬರನ್ನು ಹಿಡಿದು, ಇಬ್ಬರೂ ಪರಸ್ಪರ ಮಾತಾಡುವಂತೆ ನೋಡಿಕೊಳ್ಳಿ. ಒಂದು ಕಡೆ ‘ಅವನು ನನ್ನ ಕೆಲಸಗಾರನೇ ಅಲ್ಲ’ ಅಂತ ಬರೆದು, ಇನ್ನೊಂದು ಕಡೆ ‘ಕಾಗದ ನೋಡುವುದರಲ್ಲಿ ತಪ್ಪಾಯಿತು’ ಅಂತ ಬರೆದರೆ ಎರಡೂ ಹೋಗುತ್ತವೆ.

ಪೊಲೀಸರ ರಿವ್ಯೂಗೆ ಸಾಲಿಸಿಟರ್ ಬೇಕೇ ಬೇಕು. ವಿಷಯ ದೊಡ್ಡದಿದ್ದರೆ ಹಿಯರಿಂಗ್ ದಿನಕ್ಕೆ ಅವರ ಮೂಲಕ ಬ್ಯಾರಿಸ್ಟರ್.

ಲೈಸೆನ್ಸ್ ಯಾರ ಹೆಸರಲ್ಲಿದೆ?

ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಪಬ್ ಕಂಪನಿಯಿಂದ ಲೀಸಿಗೆ ತೆಗೆದುಕೊಂಡವರಲ್ಲಿ ಹಲವರ ಲೈಸೆನ್ಸ್ ಕಂಪನಿಯ ಹೆಸರಲ್ಲೇ ಇರುತ್ತದೆ. ಆಗ ಕಂಪನಿಯ ವಕೀಲರೇ ಬಂದು ಎಲ್ಲ ನೋಡಿಕೊಳ್ಳುತ್ತಾರೆ. ಅದು ಉಚಿತ ಸಹಾಯದಂತೆ ಕಾಣುತ್ತದೆ. ಆದರೆ ಅವರ ಕಕ್ಷಿದಾರರು ಕಂಪನಿ, ನೀವಲ್ಲ. ಕಟ್ಟಡದ ಲೈಸೆನ್ಸ್ ಉಳಿಯಲು ಈಗಿನವರನ್ನು ಬಿಡಿಸುತ್ತೇವೆ ಅಂತ ಅವರು ಒಪ್ಪಿಕೊಂಡರೆ ಅದು ಅವರ ಕಕ್ಷಿದಾರರಿಗೆ ಒಳ್ಳೆಯ ಒಪ್ಪಂದವೇ. ನಿಮ್ಮ ಹೊಟ್ಟೆಪಾಡಿನ ಬಗ್ಗೆ ಮಾತಾಡಲು ನಿಮ್ಮದೇ ಒಬ್ಬರು ಬೇಕು. ಪೂರ್ತಿ ಕೇಸಿಗೆ ಅಲ್ಲದಿದ್ದರೂ ಒಂದೆರಡು ಗಂಟೆಯ ಸಲಹೆಗಾದರೂ ದುಡ್ಡು ಕೊಡಿ.

ಡಿಪಿಎಸ್ ಬೇರೆಯವರಾಗಿದ್ದರೂ ಹೀಗೇ. ಮಾಲೀಕರು ‘ಮ್ಯಾನೇಜರ್ ನೋಡಿಕೊಳ್ಳಲಿಲ್ಲ’ ಅನ್ನುತ್ತಾರೆ, ಮ್ಯಾನೇಜರ್ ‘ಮಾಲೀಕರು ಸಿಬ್ಬಂದಿ ಕೊಡಲಿಲ್ಲ’ ಅನ್ನುತ್ತಾರೆ. ಇಬ್ಬರಿಗೂ ಒಬ್ಬರೇ ವಕೀಲರು ನಿಲ್ಲಲು ಆಗುವುದಿಲ್ಲ.

ರಿವ್ಯೂ ಬಂತು ಅಂತ ಲೈಸೆನ್ಸನ್ನು ಭಾವಮೈದುನನ ಹೆಸರಿಗೆ ವರ್ಗ ಮಾಡಿಬಿಡಿ ಅನ್ನುವ ಸಲಹೆಯೂ ಬರುತ್ತದೆ. ರಿವ್ಯೂ ಅದರಿಂದ ನಿಲ್ಲುವುದಿಲ್ಲ. ಪೊಲೀಸರು ವರ್ಗಾವಣೆಗೆ ಆಕ್ಷೇಪ ಹಾಕಬಹುದು. ಸಬ್‌ಕಮಿಟಿಗೂ ಇದು ಕಣ್ಣಿಗೆ ಮಣ್ಣೆರಚುವ ಕೆಲಸ ಅಂತ ತಕ್ಷಣ ಅನ್ನಿಸುತ್ತದೆ. ವ್ಯಾಪಾರ ನಿಜವಾಗಿಯೂ ಬೇರೆಯವರ ಕೈಗೆ ಹೋಗುತ್ತಿದ್ದರೆ ಮಾತು ಬೇರೆ, ಅದನ್ನು ಲೀಸ್, ಬ್ಯಾಂಕ್ ಕಾಗದದ ಜೊತೆ ತೋರಿಸಬೇಕು.

ಫೀಸಿನ ಮಾತು

ಸಾಲಿಸಿಟರ್‌ಗಳ ವೆಬ್‌ಸೈಟಿನಲ್ಲಿ ಲೈಸೆನ್ಸಿಂಗ್ ಕೆಲಸಕ್ಕೆ ದರಪಟ್ಟಿ ಹಾಕಿರುತ್ತಾರೆ. ಹಾಗೆ ಹಾಕಬೇಕು ಅಂತ 2018ರ ಡಿಸೆಂಬರ್‌ನಿಂದ ನಿಯಮವೇ ಇದೆ. ಆದರೆ ಆ ದರ ವ್ಯಾಪಾರದ ಜಾಗಕ್ಕೆ ಲೈಸೆನ್ಸ್ ಅರ್ಜಿ ಹಾಕುವ ಕೆಲಸದ್ದು. ರಿವ್ಯೂ ಅದರಲ್ಲಿ ಸೇರಿದೆ ಅಂತ ತಿಳಿದುಕೊಂಡು ಹೋಗಬೇಡಿ. ರಿವ್ಯೂಗೆ ಬೇರೆ ಲೆಕ್ಕ ಬರೆದು ಕೇಳಿ.

ಪೂರ್ತಿ ಕೆಲಸಕ್ಕೆ ಇಷ್ಟು ಅಂತ ನಿಗದಿಮಾಡಿದ ಫೀಸು ಒಳ್ಳೆಯದೋ, ಗಂಟೆ ಲೆಕ್ಕ ಒಳ್ಳೆಯದೋ? ಸಣ್ಣ ವ್ಯಾಪಾರಕ್ಕೆ ನಿಗದಿ ಫೀಸೇ ಸಮಾಧಾನ. ಆದರೆ ಅದರೊಳಗೆ ಏನೇನು ಬರುತ್ತದೆ ಅನ್ನುವುದನ್ನು ಬಿಡಿಸಿ ಕೇಳಬೇಕು. ಅಂಗಡಿಗೆ ಬಂದು ನೋಡುವುದು ಸೇರಿದೆಯೇ? ಪೊಲೀಸರ ಜೊತೆ ಮಾತುಕತೆ? ಸಾಕ್ಷಿ ಹೇಳಿಕೆಗಳು? ಹಿಯರಿಂಗ್ ಮುಂದಕ್ಕೆ ಹೋದರೆ ಎರಡನೇ ದಿನಕ್ಕೆ ಮತ್ತೆ ದುಡ್ಡೇ? ಬ್ಯಾರಿಸ್ಟರ್ ಬಂದರೆ ಅವರ ಫೀಸು ಬೇರೆಯೇ? ಗಂಟೆ ಲೆಕ್ಕದವರಾದರೆ ಒಂದು ಮಿತಿ ಹಾಕಿ, ಅದನ್ನು ದಾಟುವ ಮೊದಲು ನನ್ನನ್ನು ಕೇಳಿ ಅಂತ ಇಮೇಲ್‌ನಲ್ಲಿ ಬರೆದುಕೊಳ್ಳಿ.

ಫೋನಿನಲ್ಲಿ ಅವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನು ಗಮನಿಸಿ. ದರಕ್ಕಿಂತ ಇದು ಮುಖ್ಯ. ಕೆಲಸ ಗೊತ್ತಿರುವವರು ಐದು ನಿಮಿಷದೊಳಗೆ ಕೇಳುವುದು ಇಷ್ಟು: ಅರ್ಜಿ ಯಾರು ಹಾಕಿದ್ದು, ಯಾವ ತಾರೀಖಿಗೆ ಕೈಗೆ ಬಂತು, ಲೈಸೆನ್ಸ್ ಯಾರ ಹೆಸರಲ್ಲಿದೆ, ಡಿಪಿಎಸ್ ಯಾರು, ಲೈಸೆನ್ಸಿನ ಮೇಲಿರುವ ಕಂಡೀಷನ್ ಯಾವುವು, ಹಿಂದೆ ಎಚ್ಚರಿಕೆ ಪತ್ರ ಬಂದಿತ್ತೇ. ಇವನ್ನು ಕೇಳದೆ ‘ಏನೂ ಯೋಚನೆ ಮಾಡಬೇಡಿ, ನಾನಿದ್ದೀನಿ’ ಅಂತ ಶುರುಮಾಡುವವರು ಬೇಡ.

ಹಿಯರಿಂಗ್ ಹೇಗಿರುತ್ತದೆ ಅನ್ನುವುದು ಗೊತ್ತಿದ್ದರೆ ಈ ಆಯ್ಕೆ ಸುಲಭವಾಗುತ್ತದೆ. ಸಾಮಾನ್ಯವಾಗಿ ಮೂವರು ಕೌನ್ಸಿಲರ್‌ಗಳು, ಅವರ ಪಕ್ಕ ಕೌನ್ಸಿಲ್‌ನ ಕಾನೂನು ಸಲಹೆಗಾರರು. ಇದು ಕೋರ್ಟಲ್ಲ, ಚರ್ಚೆಯ ಹಾಗೆ ನಡೆಯುತ್ತದೆ. ಎಲ್ಲ ಕಡೆಯವರಿಗೂ ಸಮಾನ ಸಮಯ. ಪಾಟೀಸವಾಲು ಸಾಮಾನ್ಯವಾಗಿ ಇಲ್ಲ, ಸಬ್‌ಕಮಿಟಿ ಅಗತ್ಯ ಅಂದರೆ ಮಾತ್ರ. ಹಿಯರಿಂಗ್ ದಿನವೇ ತಂದು ಮುಂದಿಟ್ಟ ಕಾಗದವನ್ನು ಉಳಿದ ಕಡೆಯವರೆಲ್ಲ ಒಪ್ಪಿದರಷ್ಟೇ ನೋಡುತ್ತಾರೆ. ಹಾಗಾಗಿ ಇಲ್ಲಿ ಗಂಟಲಿಗಿಂತ ಮೊದಲೇ ಕಳಿಸಿದ ಕಟ್ಟು ಕೆಲಸ ಮಾಡುತ್ತದೆ. ಸಿನಿಮಾದ ಹಾಗೆ ವಾದಿಸುವ ವಕೀಲರನ್ನು ಹುಡುಕಿ ಪ್ರಯೋಜನವಿಲ್ಲ. ಇನ್ನೊಂದು, ಕೌನ್ಸಿಲರ್‌ಗಳು ನೇರ ಮಾಲೀಕರನ್ನೇ ಪ್ರಶ್ನೆ ಕೇಳುತ್ತಾರೆ. ವಕೀಲರನ್ನು ಕಳಿಸಿ ನೀವು ಮನೆಯಲ್ಲಿ ಕೂತರೆ ಈ ಮಾಲೀಕರಿಗೆ ಕಾಳಜಿಯೇ ಇಲ್ಲ ಅನ್ನಿಸಿಬಿಡುತ್ತದೆ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ನಿಮ್ಮ ಅಂಗಡಿಯಲ್ಲಿ ಏನು ಬದಲಾಯಿತು ಅಂತ ನಿಮ್ಮ ಬಾಯಲ್ಲೇ ಬರಬೇಕು. ಅದನ್ನು ಅಭ್ಯಾಸ ಮಾಡಿಸಲು ಸಮಯ ಕೊಡುತ್ತೀರಾ ಅಂತ ವಕೀಲರನ್ನು ಮೊದಲೇ ಕೇಳಿ.

ತೀರ್ಮಾನ ವಿರುದ್ಧ ಬಂದರೆ

ಅಪೀಲಿಗೆ 21 ದಿನ. ತೀರ್ಮಾನ ನಿಮಗೆ ತಿಳಿಸಿದ ದಿನವೇ ಮೊದಲ ದಿನ ಅಂತ ಎಣಿಸಬೇಕು. ಈ ಗಡುವು ತಪ್ಪಿದರೆ ಯಾವ ವಕೀಲರಿಂದಲೂ ಏನೂ ಮಾಡಲು ಆಗುವುದಿಲ್ಲ ಅಂತಲೇ ತಿಳಿಯಿರಿ. ಸಾಮಾನ್ಯ ರಿವ್ಯೂನಲ್ಲಿ ಆ 21 ದಿನ, ಮತ್ತು ಅಪೀಲು ಹಾಕಿದ್ದರೆ ಅದು ಮುಗಿಯುವವರೆಗೆ, ಸಬ್‌ಕಮಿಟಿಯ ತೀರ್ಮಾನ ಜಾರಿಗೆ ಬರುವುದಿಲ್ಲ. ವ್ಯಾಪಾರ ನಡೆಸಬಹುದು. ಸಮರಿ ರಿವ್ಯೂ ಆಗಿದ್ದರೆ ಹಾಗಲ್ಲ, ತಾತ್ಕಾಲಿಕ ಕ್ರಮಗಳು ಮುಂದುವರಿಯಬಹುದು.

ಮ್ಯಾಜಿಸ್ಟ್ರೇಟ್ಸ್ ಕೋರ್ಟಿನಲ್ಲಿ ವಿಷಯವನ್ನು ಹೊಸದಾಗಿ ಕೇಳುತ್ತಾರೆ, ಹೊಸ ಸಾಕ್ಷಿಯನ್ನೂ ಕೊಡಬಹುದು. ಆದರೆ 2011ರ ಹೋಪ್ ಅಂಡ್ ಗ್ಲೋರಿ ತೀರ್ಪಿನ ಪ್ರಕಾರ ಕೌನ್ಸಿಲ್‌ನ ತೀರ್ಮಾನಕ್ಕೆ ತೂಕ ಕೊಡಬೇಕು, ಅದು ತಪ್ಪು ಅಂತ ತೋರಿಸುವ ಹೊಣೆ ಅಪೀಲು ಹಾಕಿದವರದ್ದು. ಖರ್ಚಿನ ವಿಷಯವೂ ಮೊದಲೇ ತಿಳಿದಿರಲಿ. ನೀವು ಗೆದ್ದರೂ, ಕೌನ್ಸಿಲ್ ಪ್ರಾಮಾಣಿಕವಾಗಿ, ಸಮಂಜಸವಾಗಿ ನಡೆದುಕೊಂಡಿದ್ದರೆ ನಿಮ್ಮ ವಕೀಲರ ಫೀಸನ್ನು ಅದು ಕೊಡಬೇಕು ಅಂತೇನಿಲ್ಲ. 2000ದ ಬ್ರಾಡ್‌ಫರ್ಡ್ ತೀರ್ಪಿನಿಂದ ಬಂದ ನಿಲುವು ಇದು. ಸೋತರೆ ಕೌನ್ಸಿಲ್ ತನ್ನ ಖರ್ಚನ್ನು ನಿಮ್ಮಿಂದ ಕೇಳಬಹುದು.

ಹಾಗಾಗಿ ಸಬ್‌ಕಮಿಟಿ ಹಂತದಲ್ಲಿ ದುಡ್ಡು ಉಳಿಸಿ, ಕೋರ್ಟಿನಲ್ಲಿ ನೋಡಿಕೊಂಡರಾಯಿತು ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ದುಡ್ಡು ಇರುವುದೇ ಇಷ್ಟು ಅಂದರೆ ಅದನ್ನು ಮೊದಲ ಹಿಯರಿಂಗ್‌ಗೆ ಖರ್ಚು ಮಾಡಿ. ಕನ್ಸಲ್ಟೆಂಟ್‌ರನ್ನೇ ಹಿಡಿದಿದ್ದರೆ, ತೀರ್ಮಾನ ಕೆಟ್ಟದಾಗಿ ಬಂದರೆ ಯಾವ ಸಾಲಿಸಿಟರ್‌ಗೆ ಫೈಲು ಕೊಡುತ್ತೀರಿ ಅಂತ ಹಿಯರಿಂಗ್‌ಗೆ ಮೊದಲೇ ಅವರಿಂದ ಹೆಸರು ಪಡೆದುಕೊಳ್ಳಿ. 21 ದಿನದಲ್ಲಿ ಹೊಸಬರನ್ನು ಹುಡುಕಿ, ಅವರಿಗೆ ಕೇಸು ಓದಿಸಿ, ಅಪೀಲು ಹಾಕಿಸುವುದು ಹೇಳುವಷ್ಟು ಸುಲಭವಲ್ಲ.

ಸ್ಕಾಟ್ಲೆಂಡಿನಲ್ಲಿ ಅಂಗಡಿ ಇಟ್ಟವರಿಗೆ ಮೇಲಿನ ಸೆಕ್ಷನ್‌ಗಳು ಅನ್ವಯಿಸುವುದಿಲ್ಲ. ಅಲ್ಲಿ 2005ರ ಬೇರೆ ಆಕ್ಟ್ ಇದೆ, ಲೈಸೆನ್ಸಿಂಗ್ ಬೋರ್ಡ್ ಇದೆ, ಗುರಿಗಳು ಐದು. ಲಂಡನ್ನಿನ ಸಾಲಿಸಿಟರ್ ಎಷ್ಟೇ ಹೆಸರಾದವರಾದರೂ ಗ್ಲಾಸ್ಗೋದ ಕೇಸಿಗೆ ಅಲ್ಲಿನ ಕಾನೂನಿನವರೇ ಬೇಕು. ಉತ್ತರ ಐರ್ಲೆಂಡಿನದೂ ಬೇರೆ ಪದ್ಧತಿ.

ಇವತ್ತೇ ಕಳಿಸಬೇಕಾದ ಇಮೇಲ್

ಯಾರನ್ನೇ ಆರಿಸಿ, ಮೊದಲ ಇಮೇಲ್‌ಗೆ ಈ ಕಾಗದಗಳನ್ನು ಸೇರಿಸಿ: ರಿವ್ಯೂ ಅರ್ಜಿಯ ಪ್ರತಿ ಹಾಳೆ, ಅದು ಬಂದ ಲಕೋಟೆ ಅಥವಾ ಇಮೇಲ್, ಪ್ರೆಮಿಸಸ್ ಲೈಸೆನ್ಸ್ ಪೂರ್ತಿ. ಗೋಡೆಗೆ ಹಾಕಿರುವ ಸಾರಾಂಶದ ಹಾಳೆ ಸಾಲದು, ಕಂಡೀಷನ್‌ಗಳೆಲ್ಲ ಇರುವ ಪೂರ್ತಿ ಪ್ರತಿ ಬೇಕು. ಕಳೆದುಹೋಗಿದ್ದರೆ ಕೌನ್ಸಿಲ್‌ಗೆ ಕೇಳಿ, ಅವರ ಹತ್ತಿರ ಇರುತ್ತದೆ. ಅದರ ಜೊತೆ ಹಿಂದೆ ಬಂದ ಎಚ್ಚರಿಕೆ ಪತ್ರಗಳು, ರೆಫ್ಯೂಸಲ್ಸ್ ರಿಜಿಸ್ಟರ್‌ನ ಫೋಟೋ, ಸಿಬ್ಬಂದಿಯ ಹೆಸರು, ಅವರ ಕೆಲಸದ ಹಕ್ಕಿನ ಕಾಗದ ನೋಡಿದ ದಾಖಲೆ, ಲೀಸ್. ಘಟನೆಯ ದಿನದ ಸಿಸಿಟಿವಿ ಇದ್ದರೆ ಅದನ್ನು ಇವತ್ತೇ ಬೇರೆ ಡ್ರೈವ್‌ಗೆ ಇಳಿಸಿ. ರೆಕಾರ್ಡಿಂಗ್ ಇಡುವ ಅವಧಿ (ಎಷ್ಟೋ ಕಡೆ 31 ದಿನ) ಕಳೆದರೆ ಯಂತ್ರ ಅದರ ಮೇಲೆಯೇ ಹೊಸದನ್ನು ಬರೆದುಬಿಡುತ್ತದೆ.